ತೊಳೆದ ಪಾಚಿ

ಭೂಮಿಯ ದಕ್ಷಿಣದ ತುದಿಯಲ್ಲಿ, ಕಲ್ಲು ಮತ್ತು ಹಿಮ ಬಿಟ್ಟರೆ ಬೇರೇನೂ ಇಲ್ಲದ ಕಡೆ, ರೊಟ್ಟಿಯಗಲದ ಪಾಚಿಯೊಂದನ್ನು ತುಳಿದದ್ದಕ್ಕೆ ನಾನು ಬೈಸಿಕೊಂಡಿದ್ದೇನೆ. ಪೂರ್ತಿ ಪಾದವೂ ಅಲ್ಲ, ಬೂಟಿನ ಅಂಚು ತಾಗಿತ್ತು ಅಷ್ಟೆ. ನಮ್ಮ ತಂಡದ ಹಿರಿಯರು ದೂರದಿಂದಲೇ ಕೈಯೆತ್ತಿ ನಿಲ್ಲಿಸಿದರು. ಇಲ್ಲಿನ ಪಾಚಿ ವರ್ಷವಿಡೀ ಬೆಳೆದರೂ ಅಕ್ಕಿಕಾಳಿನ ದಪ್ಪ ಆಗುವುದಿಲ್ಲ, ನೀವು ತುಳಿದದ್ದು ನಿಮ್ಮ ಅಜ್ಜಿಗಿಂತ ಹಿರಿಯದು ಎಂದರು. ಹೊತ್ತು ಮುಳುಗದ ಆ ಜಾಗದಲ್ಲಿ ಸಂಜೆ ಅಂತ ಕರೆದುಕೊಳ್ಳುವ ಹೊತ್ತಿಗೆ ಊಟದ ಮೇಜಿನ ಮೇಲೂ ಅದೇ ಮಾತು. ಮರುದಿನ ಆ ಪಾಚಿಯ ಸುತ್ತ ಕೆಂಪು ಬಾವುಟ ನೆಟ್ಟು, ಯಾರೂ ಈ ಕಡೆ ಸುಳಿಯಕೂಡದು ಎಂದು ಬರೆದು ಹಚ್ಚಿದರು.

ಆಗ ನನಗೆ ನಾಚಿಕೆಯಾಗಿತ್ತು. ಈಗ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಬೈದವರ ಮೇಲಲ್ಲ, ಅವರು ಮಾಡಿದ್ದು ಸರಿಯೇ. ಮನುಷ್ಯರೇ ಇಲ್ಲದ ಕಡೆಯ ಗಾಳಿಗೆ ಅಷ್ಟೊಂದು ಕಾವಲಿರುವಾಗ, ನನ್ನ ಅಕ್ಕ ಉಸಿರಾಡುವ ಗಾಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲವಲ್ಲ ಎಂದು ಸಿಟ್ಟು.

ನಾನು ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಮನೆ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ, ಒಂದು ಬೇಕರಿಯ ಮೇಲೆ. ಓದಿದ್ದು ಪಾಚಿಗಳ ಮೇಲೆ, ನೀರಲ್ಲಿ ತೇಲುವುದಲ್ಲ, ಕಲ್ಲಿಗೆ ಗೋಡೆಗೆ ಮೆತ್ತೆಯಂತೆ ಹತ್ತುವ ಪಾಚಿ. ಬಿಸಿಲನಾಡಿನ ಹುಡುಗಿಗೆ ಪಾಚಿಯ ಹುಚ್ಚು ಎಲ್ಲಿಂದ ಹತ್ತಿತು ಎಂದು ನಕ್ಕವರೇ ಹೆಚ್ಚು. ಆ ಹುಚ್ಚಿನಿಂದಲೇ ಒಂದು ಬೇಸಿಗೆ ಅಂಟಾರ್ಕ್ಟಿಕಾಕ್ಕೆ ಹೊರಟ ತಂಡದಲ್ಲಿ ನನಗೆ ಜಾಗ ಸಿಕ್ಕಿತು. ಹೋಗುವ ಮುಂಚೆ ಅಕ್ಕ ನಾಲ್ಕು ಡಬ್ಬಿ ಶೇಂಗಾ ಚಟ್ನಿ, ಒಂದು ಗಂಟು ಕಟಕ ರೊಟ್ಟಿ ಕಟ್ಟಿಕೊಟ್ಟಿದ್ದಳು. ಹಿಮದ ನಡುವೆ ಕೂತು ಆ ರೊಟ್ಟಿ ಮುರಿದಾಗ ಬೇರೆ ರಾಜ್ಯಗಳಿಂದ ಬಂದವರೂ ಕೈಚಾಚಿದರು.

ಅಲ್ಲಿ ನಮ್ಮ ಕೆಲಸ ಪಾಚಿಯಿಂದ ಗಾಳಿಯ ಲೆಕ್ಕ ಕೇಳುವುದು. ಪಾಚಿಗೆ ನಿಜವಾದ ಬೇರು ಇಲ್ಲ. ಅದಕ್ಕೆ ಬೇಕಾದದ್ದು ಬಹುಪಾಲು ಮೇಲಿನಿಂದಲೇ ಬರಬೇಕು, ಗಾಳಿಯಿಂದ, ಹಿಮದಿಂದ, ಮಂಜಿನಿಂದ. ಗಾಳಿ ತಂದು ಸುರಿದದ್ದನ್ನೆಲ್ಲ ಅದು ಒಲ್ಲೆ ಎನ್ನದೆ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಸೀಸ ಬಂದರೆ ಸೀಸ, ಮಸಿ ಬಂದರೆ ಮಸಿ, ಧೂಳು ಬಂದರೆ ಧೂಳು. ಕೈಗವಸು ಹಾಕಿಕೊಂಡು ಚಿಟಿಕೆಯಷ್ಟು ಪಾಚಿ ತೆಗೆದು, ತೊಳೆಯದೆ, ಒರೆಸದೆ, ಕಾಗದದ ಚೀಲಕ್ಕೆ ಹಾಕಿ ಹೆಸರು ಬರೆದರೆ ಮುಂದೆ ಪ್ರಯೋಗಾಲಯದಲ್ಲಿ ಅದು ತಾನು ನುಂಗಿದ್ದನ್ನೆಲ್ಲ ಹೇಳುತ್ತದೆ. ನಮ್ಮ ಶಿಬಿರದ ಜನರೇಟರಿನ ಹೊಗೆ ಹೋಗುವ ದಿಕ್ಕಿನ ಪಾಚಿಯಲ್ಲಿ ಲೋಹದ ಅಂಶ ಉಳಿದೆಡೆಗಿಂತ ಒಂದಿಷ್ಟು ಹೆಚ್ಚಿತ್ತು. ಅದಕ್ಕಾದ ಗದ್ದಲ ನೋಡಬೇಕಿತ್ತು. ಜನರೇಟರಿನ ಕೊಳವೆಗೆ ಹೊಸ ಜಾಳಿಗೆ ಹಾಕಿಸುವ ತನಕ ನಮ್ಮ ಹಿರಿಯರು ಸುಮ್ಮನೆ ಕೂರಲಿಲ್ಲ. ಒಂದು ರೊಟ್ಟಿಯಗಲದ ಪಾಚಿಯ ಪರವಾಗಿ ಬರೆದ ಕಾಗದಗಳನ್ನು ನಾನೇ ಟೈಪ್ ಮಾಡಿದ್ದೇನೆ.

ಅಕ್ಕನ ಊರಲ್ಲಿ ಅಂಥ ಒಂದು ಕಾಗದ ಬರೆಸಲು ನಾನು ಪಟ್ಟ ಪಾಡು ಹೇಳುತ್ತೇನೆ.

ಅಕ್ಕನ ತೋಟ ತಿಕೋಟಾದಿಂದ ಬಿಜ್ಜರಗಿ ಕಡೆಗೆ ಹೋಗುವ ದಾರಿಯಲ್ಲಿದೆ. ದ್ರಾಕ್ಷಿ ಬೆಳೆದು ಮಣೂಕ ಮಾಡುತ್ತಾರೆ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅಂತಲೇ ಹೆಸರು. ಮಣೂಕದ ಶೆಡ್‌ಗೆ ಗೋಡೆ ಇರುವುದಿಲ್ಲ. ಮೇಲೆ ತಗಡು, ಸುತ್ತ ಕಂಬ, ಕಂಬಗಳ ನಡುವೆ ಒಂದರ ಮೇಲೊಂದು ಬಿಗಿದ ಬಲೆಯ ಅಟ್ಟಗಳು. ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರವಿದರೆ, ನಾಲ್ಕೂ ಕಡೆಯಿಂದ ಹಾಯುವ ಗಾಳಿ ಎರಡು ವಾರದಲ್ಲಿ ಅದನ್ನು ಮಣೂಕ ಮಾಡಿಕೊಡುತ್ತದೆ. ಬೆಂಕಿ ಬೇಡ, ಬಿಸಿಲೂ ನೇರ ಬೇಡ, ಗಾಳಿ ಮಾತ್ರ ಬೇಕು. ಗಾಳಿಗೆ ಪರದೆ ಕಟ್ಟಿದರೆ ಹಣ್ಣು ಕೊಳೆಯುತ್ತದೆ. ಹೀಗಾಗಿ ಅಕ್ಕನ ಬದುಕೇ ಗಾಳಿಗೆ ತೆರೆದಿಟ್ಟ ಬದುಕು.

ಆ ಗಾಳಿ ಬರುವ ದಿಕ್ಕಿನಲ್ಲಿ, ನಾಲ್ಕು ಹೊಲದಾಚೆ, ಒಂದು ಖಡಿ ಮಷೀನು ಬಂತು. ಕಲ್ಲು ಒಡೆದು ಜಲ್ಲಿ ಮಾಡುವ ಯಂತ್ರ. ಮೊದಮೊದಲು ಎಲ್ಲರಿಗೂ ಖುಷಿಯೇ. ತೋಟದ ದಾರಿಗೆ ಅದರ ಮಾಲೀಕನೇ ನಾಲ್ಕು ಟಿಪ್ಪರ್ ಖಡಿ ಹಾಕಿಸಿದ, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹುಗಿಯುವುದು ತಪ್ಪಿತು. ಆ ಖಡಿಯ ಋಣ ಊರವರ ಬಾಯಿ ಕಟ್ಟಿತು. ಮುಂದಿನ ಹಂಗಾಮಿನಲ್ಲಿ ಮಣೂಕ ಕಡಿದರೆ ಹಲ್ಲಿಗೆ ಕರಕರ ಎನ್ನತೊಡಗಿತು. ಬಿಳಿ ಪುಡಿ ಬಲೆಯ ಮೇಲೆ, ತಗಡಿನ ಮೇಲೆ, ಎಮ್ಮೆಯ ಬೆನ್ನ ಮೇಲೆ. ಮಣೂಕ ತೊಳೆಯುವ ಕೆಲಸ ಒಂದು ಸಲದ್ದು ಮೂರು ಸಲಕ್ಕೆ ಏರಿತು. ಅದರ ಬೆನ್ನಿಗೇ ಅಕ್ಕನ ಕೆಮ್ಮು ಶುರುವಾಯಿತು.

ಕೆಮ್ಮು ಎಂದರೆ ಬಂದು ಹೋಗುವ ಕೆಮ್ಮಲ್ಲ. ಮಾತಿನ ನಡುವೆ ನಿಂತು, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮುವುದು. ನಾನೇ ವಿಜಯಪುರಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿದ ಅವರು ಔಷಧ ಬರೆದರು. ಔಷಧಕ್ಕಿಂತ ಮುಖ್ಯ ಧೂಳಿನಿಂದ ದೂರ ಇರುವುದು, ಇಲ್ಲವಾದರೆ ಈ ಎದೆ ಇನ್ನು ಬಹಳ ದಿನ ತಾಳುವುದಿಲ್ಲ ಎಂದು ನನ್ನನ್ನೂ ಕೂರಿಸಿಕೊಂಡು ಹೇಳಿದರು. ಹೊರಗೆ ಬಂದ ಮೇಲೆ ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು: “ಧೂಳದಿಂದ ದೂರ ಇರು ಅಂತಾರಲ್ಲ ಬೇ, ಧೂಳ ತಾನ ಮನಿಗೆ ಬಂದು ಕುಂತೈತಿ. ನಾ ಎತ್ತಾಗ ಹೋಗ್ಲಿ?” ಚೀಟಿ ಹಿಡಿದು ಸ್ಟೇಷನ್ ರಸ್ತೆಯ ಔಷಧದ ಅಂಗಡಿಗೆ ನಡೆದೆವು.

ಅಷ್ಟರಲ್ಲಿ ಮಾಲೀಕ ಅದೇ ಜಾಗದಲ್ಲಿ ಎರಡನೆಯ ಮಷೀನಿಗೆ ಅನುಮತಿ ಕೇಳಿದ್ದಾನೆ ಎಂಬ ಸುದ್ದಿ ಬಂತು. ಒಂದಕ್ಕೇ ಈ ಗತಿ, ಎರಡಾದರೆ ಅಕ್ಕ ಉಳಿಯುವಳೇ? ನಾನು ಅರ್ಜಿ ಬರೆದೆ. ಒಂದು ಕಚೇರಿಯವರು ಇದು ನಮ್ಮದಲ್ಲ ಎಂದು ಇನ್ನೊಂದಕ್ಕೆ ಕಳಿಸಿದರು, ಆ ಇನ್ನೊಂದರವರು ಮತ್ತೊಂದಕ್ಕೆ. ಮೂರನೆಯ ಕಚೇರಿಯಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಅರ್ಜಿ ತೆಗೆದುಕೊಂಡರು. ಗಾಳಿ ಅಳೆಯುವ ಯಂತ್ರ ತರಿಸುತ್ತೇವೆ ಎಂದರು. ನನಗೆ ಜೀವ ಬಂದಂತಾಯಿತು.

ಯಂತ್ರ ಬಂತು. ಎರಡು ದಿನ ಇತ್ತು. ಆ ಎರಡೂ ದಿನ ಖಡಿ ಮಷೀನು ಬಂದ್. ಬೆಲ್ಟ್ ಹರಿದಿದೆ, ರಿಪೇರಿ ಇದೆ ಎಂದು ಮಾಲೀಕನ ಮನುಷ್ಯ ಹೇಳಿದನಂತೆ. ಯಂತ್ರವನ್ನಾದರೂ ಎಲ್ಲಿಟ್ಟರು? ಮಷೀನಿನ ಧೂಳನ್ನು ಗಾಳಿ ಒಯ್ಯುವ ಕಡೆ ಅಲ್ಲ, ಗಾಳಿ ಬರುವ ಕಡೆ, ಮಾಲೀಕನ ಆಫೀಸಿನ ಬೇವಿನ ಮರದ ನೆರಳಲ್ಲಿ. ಮೂರನೆಯ ದಿನ ಯಂತ್ರ ಹೋಯಿತು, ಬೆಲ್ಟ್ ಕೂಡಿತು. ಗಾಳಿ ಶುದ್ಧವಾಗಿದೆ ಎಂಬ ವರದಿ ಕೈಗೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಿಗೆ ಮಣ್ಣೆರಚುವುದು ಎಂದು ಬಾಯಿಮಾತಿಗೆ ಹೇಳುತ್ತೇವೆ. ಇವರು ಎದೆಗೂ ಎರಚಿ, ಮೇಲೆ ಮುದ್ರೆ ಒತ್ತಿ ಕೊಟ್ಟಿದ್ದರು.

ಆಗ ನನಗೆ ಪಾಚಿ ನೆನಪಾಯಿತು. ಪಾಚಿಗೆ ಕರೆಂಟು ಬೇಡ, ಯಾರ ಸಹಿಯೂ ಬೇಡ. ಬೆಲ್ಟ್ ಹರಿದ ದಿನವೂ ಕೂಡಿದ ದಿನವೂ ಅದು ತನ್ನ ಪಾಡಿಗೆ ಉಸಿರಾಡುತ್ತಿರುತ್ತದೆ. ಅದಕ್ಕೆ ಲಂಚ ಕೊಡಲು ಬರುವುದಿಲ್ಲ. ತನ್ನದೇ ಪಾಚಿ ಬೆಳೆಯದ ಊರಲ್ಲಿ, ಬೇರೆ ಕಡೆಯ ಶುದ್ಧ ಪಾಚಿಯನ್ನು ಜಾಳಿಗೆಯ ಸಣ್ಣ ಚೀಲದಲ್ಲಿ ತುಂಬಿ ತೂಗುಹಾಕುವ ಪದ್ಧತಿಯೂ ಇದೆ. ಮೂರು ತಿಂಗಳ ಮೇಲೆ ಇಳಿಸಿ ನೋಡಿದರೆ ಆ ಮೂರು ತಿಂಗಳ ಗಾಳಿಯೇ ಚೀಲದಲ್ಲಿ ಕೂತಿರುತ್ತದೆ.

ಬಬಲೇಶ್ವರದ ಕಡೆ ಪರಿಚಯದವರೊಬ್ಬರ ಹೊಲದಲ್ಲಿ ಹಳೆಯ ಮೆಟ್ಟಿಲ ಬಾವಿಯಿದೆ. ಅಲ್ಲಿ ಮಷೀನಿಲ್ಲ, ದೊಡ್ಡ ರಸ್ತೆಯಿಲ್ಲ. ಬಿಸಿಲು ತಾಗದ ಗೋಡೆಗೆ ಮಳೆಗಾಲ ಮುಗಿದು ಎಷ್ಟೋ ದಿನದವರೆಗೆ ಹಸಿರು ಪಾಚಿ ಹತ್ತಿಕೊಂಡಿರುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಕೆರೆದು ತಂದೆ. ಭಟ್ಟಿ ಇಳಿಸಿದ ನೀರಿನ ಕ್ಯಾನುಗಳನ್ನು ಕಾಲೇಜಿನಿಂದ ಹೊತ್ತು ಅಕ್ಕನ ಮನೆಗೇ ಹೋದೆ. ಯಾಕೆಂದರೆ ಚೀಲ ಹೊಲಿಯಲು ಬೇಕಾದ ಬಲೆ ಅವಳ ಶೆಡ್‌ನಲ್ಲಿ ಬೇಕಾದಷ್ಟಿತ್ತು. ಅಂಗಳದಲ್ಲಿ ಕೂತು ಪಾಚಿಯನ್ನು ಒಂದು ಸಲ, ಎರಡು ಸಲ, ಏಳು ಸಲ ತೊಳೆದೆ. ಅಕ್ಕ ಪಕ್ಕದಲ್ಲೇ ಕೂತು ಬಲೆ ಕತ್ತರಿಸಿ ಹೊಲಿಯುತ್ತಿದ್ದಳು. ಅವಳಿಗೆ ಅದು ಪಾಚಿಯಲ್ಲ, ಹಾವಸಿ. ಇಷ್ಟ್ಯಾಕ ತೊಳೀತಿ ಎಂದು ಕೇಳಿದಳು. ಎಷ್ಟು ಸ್ವಚ್ಛ ಇರುತ್ತದೋ ಅಷ್ಟು ಒಳ್ಳೆಯದು, ಕೊಳೆ ಇದ್ದರೆ ಕಾಲೇಜಿನಲ್ಲಿ ಒಪ್ಪುವುದಿಲ್ಲ ಎಂದೆ. ಆ ಮಾತನ್ನು ಅಷ್ಟಕ್ಕೇ ಬಿಟ್ಟೆ. ಪಾಠ ಹೇಳಿ ಹೇಳಿ ಬಾಯಿ ಸವೆದವಳು, ನನ್ನ ಅಕ್ಕನಿಗೆ ಎರಡು ವಾಕ್ಯ ಹೆಚ್ಚು ಹೇಳಲಿಲ್ಲ. ಅವಳಿಗೆ ಯಾಕೆ ಬೇಕು ಇದೆಲ್ಲ ಎಂದುಕೊಂಡೆ. ಈ ಸೊಕ್ಕನ್ನು ನಾನು ಮುಚ್ಚಿಡುವುದಿಲ್ಲ.

ಅಕ್ಕನ ಕಡೆ ಹನ್ನೆರಡು ಚೀಲ ಕಟ್ಟಿದೆವು, ಶೆಡ್‌ನ ಕಂಬಗಳಿಗೆ, ಮನೆಯ ಕಟ್ಟೆಗೆ, ಅವಳು ಮಲಗುವ ಕೋಣೆಯ ಕಿಟಕಿಗೆ. ಹೋಲಿಸಿ ನೋಡಲು ನಾಲ್ಕು ಚೀಲ ಬಬಲೇಶ್ವರದ ಆ ಬಾವಿಯ ಹತ್ತಿರ. ಮೂರು ತಿಂಗಳು ಅಕ್ಕ ಅವನ್ನು ಕಾದ ರೀತಿಗೆ ಹಿಮದ ಮೇಲಿನ ನಮ್ಮ ಹಿರಿಯರೂ ತಲೆದೂಗುತ್ತಿದ್ದರು. ಮಣೂಕ ಆರಿಸಲು ಬರುವ ಹೆಣ್ಣುಮಕ್ಕಳಿಗೆ ಮುಟ್ಟಗೊಡಲಿಲ್ಲ. ಮಂಗ ಕಿತ್ತೀತೆಂದು ಕಿಟಕಿಯ ಚೀಲಕ್ಕೆ ಮುಳ್ಳು ಕಟ್ಟಿದಳು. ಶನಿವಾರ ಸಂಜೆ ಫೋನಿನಲ್ಲಿ ತನ್ನ ಆರೋಗ್ಯಕ್ಕಿಂತ ಮೊದಲು ಹಾವಸಿಯ ಸುದ್ದಿ ಹೇಳುತ್ತಿದ್ದಳು. ಬೆಳ್ಳಗೆ ಆಗ್ಯಾವು, ಎಲ್ಲಾ ಧೂಳ ಹಿಡದಾವು ಎಂದು ಅವಳು ಬೇಜಾರಿನಿಂದ ಹೇಳಿದರೆ ನನಗೆ ಒಳಗೊಳಗೇ ಹಿಗ್ಗು. ಅವಳ ಬೇಜಾರು ಯಾತಕ್ಕೆ ಎಂದು ನಾನು ಕೇಳಬೇಕಿತ್ತು.

ಎರಡನೆಯ ಮಷೀನಿನ ಅನುಮತಿ ಕುರಿತ ಅಹವಾಲು ಸಭೆಗೆ ದಿನ ಗೊತ್ತಾಯಿತು. ಅದಕ್ಕೆ ಎಂಟು ದಿನ ಮುಂಚೆ, ಒಂದು ಭಾನುವಾರ ಮುಂಜಾನೆ, ಚೀಲ ಇಳಿಸಲು ಹೊರಟೆ. ಕಾಗದದ ಲಕೋಟೆ, ಕೈಗವಸು, ಚಿಮಟ ಎಲ್ಲ ಕಟ್ಟಿಕೊಂಡು ತಿಕೋಟಾ ಬಸ್ಸು ಹಿಡಿದೆ. ಅರಕೇರಿ ದಾಟುವಾಗ ವರದಿಯ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದಿದ್ದೆ. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು, ಮುಖದ ತುಂಬ ನಗು. ಪಡಸಾಲೆಯಲ್ಲಿ, ಒಗೆದ ಧೋತರದ ಮೇಲೆ, ಹನ್ನೆರಡು ಚೀಲಗಳು ಸಾಲಾಗಿ ಕೂತಿದ್ದವು. ಒಂದೊಂದೂ ಹಸಿರಾಗಿ, ಉಬ್ಬಿಕೊಂಡು, ಬಾವಿಯಿಂದ ಈಗಷ್ಟೇ ತಂದಂತೆ.

“ಇವತ್ತ ಬರ್ತಿ ಅಂತ ಗೊತ್ತಿತ್ತು, ನಿನ್ನೇನ ಇಳಿಸಿ ಎಲ್ಲಾ ತೊಳದ ಇಟ್ಟೀನಿ,” ಎಂದಳು. “ಏಳ ಸಲ ತೊಳದೀನಿ, ನೀ ತೊಳದಂಗ.”

ನಾನು ಕಿರುಚಿದೆ. ಆಡಬಾರದ ಮಾತೆಲ್ಲ ಆಡಿದೆ. ನಿನಗೆ ಬುದ್ಧಿ ಇದೆಯೇನು, ಮೂರು ತಿಂಗಳು ನೀರಲ್ಲಿ ಹೋಯಿತು, ನಿನ್ನ ಜೀವ ಉಳಿಸಲು ಒದ್ದಾಡುತ್ತಿದ್ದರೆ ನೀನೇ ಸಾಕ್ಷಿ ಅಳಿಸಿ ಕೂತಿದ್ದೀಯ ಎಂದೆ. ಅಂಗಳದಲ್ಲಿ ಮಣೂಕ ಆರಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಮಾವ, ಅಂದರೆ ಅಕ್ಕನ ಗಂಡ, ಎದ್ದು ತೋಟದ ಕಡೆ ಹೋದರು. ಅಕ್ಕನ ನಗು ಹೋಯಿತು. ಕೆಮ್ಮು ಬಂತು, ಕಂಬ ಹಿಡಿದು ಕೆಮ್ಮಿದಳು. ನೀರು ಕುಡಿದು ಕೂತ ಮೇಲೆ, ಮೆಲ್ಲಗೆ ಅಂದಳು:

“ಮಂದಿ ಸಾಮಾನ ಹೊಲಸ ಮಾಡಿ ಹ್ಯಾಂಗ ಕಳಸೂದು ಬೇ? ನೀ ಕೊಟ್ಟಾಗ ಕನ್ನಡಿ ಹಂಗ ಇದ್ವು. ಹಿಂಗ ಧೂಳ ಮೆತ್ತಿದ್ದ ಕೊಟ್ರ, ನಿಮ್ಮ ಕಾಲೇಜನ್ಯಾಗ ಏನಂದಾರು? ಅಕ್ಕನ ಮನಿ ಹಿಂತಾ ಹೊಲಸ ಐತೇನು ಅನ್ನೂದಿಲ್ಲೇನು ನಿನಗ?”

ನಮ್ಮ ಕಡೆ ಪಕ್ಕದ ಮನೆಯ ಡಬ್ಬಿ ಬಂದರೆ ಹಾಗೇ ಹಿಂದಿರುಗಿಸುವುದಿಲ್ಲ. ತಿಕ್ಕಿ, ತೊಳೆದು, ಒಳಗೆ ಏನಾದರೂ ಹಾಕಿ ಕೊಡುತ್ತಾರೆ. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಎತ್ತಿ ನೋಡಿದೆ, ಪ್ರತಿ ಚೀಲದ ಬಾಯಲ್ಲೂ ಒಂದೊಂದು ಏಲಕ್ಕಿ ಸಿಕ್ಕಿಸಿದ್ದಳು, ಖಾಲಿ ಕಳಿಸಬಾರದು ಅಂತ. ನನಗೆ ಅಳುವೂ ಬಂತು, ನನ್ನ ಮೇಲೆ ಅಸಹ್ಯವೂ ಬಂತು. ಧೂಳು ಸುರಿದವನಿಗೆ ಇಲ್ಲದ ನಾಚಿಕೆಯನ್ನು ಧೂಳು ತಿಂದವಳು ಪಟ್ಟಿದ್ದಳು. ಅವನ ಹೊಲಸನ್ನು ತನ್ನ ಮನೆಯ ಹೊಲಸು ಅಂದುಕೊಂಡು ಕೆಮ್ಮುತ್ತ ಕೆಮ್ಮುತ್ತ ತೊಳೆದಿದ್ದಳು. ಅವಳಿಗೆ ಬುದ್ಧಿ ಇದೆಯೇ ಎಂದು ಕೇಳಿದವಳು ನಾನು. ಕಾರಣ ಹೇಳದೆ ಚೀಲ ಕೊಟ್ಟು ಹೋದ ಪಂಡಿತೆಯೂ ನಾನೇ. ಅವಳ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ, ಅವಳ ಪಕ್ಕ ಕೂತು ಪಾಚಿಯ ಕತೆಯನ್ನು ಮೊದಲಿನಿಂದ ಹೇಳಿದೆ.

ಪೂರ್ತಿ ಕೇಳಿಸಿಕೊಂಡವಳು ಎದ್ದು ಹಿತ್ತಲಿಗೆ ಕರೆದೊಯ್ದಳು. ಮಣೂಕ ತೊಳೆಯುವ ಬಾನಿ ಅಲ್ಲಿತ್ತು. ನೀರಿಗೆ ತತ್ವಾರದ ಊರು, ತೊಳೆದ ನೀರನ್ನು ಯಾರೂ ಕೂಡಲೇ ಚೆಲ್ಲುವುದಿಲ್ಲ. ಮಣ್ಣು ಕೆಳಗಿಳಿಯಲು ಬಿಟ್ಟು ಮೇಲಿನ ತಿಳಿನೀರನ್ನು ಗಿಡಕ್ಕೆ ಹಾಕುತ್ತಾರೆ. ಅಕ್ಕ ಚೀಲಗಳನ್ನು ತೊಳೆದ ನೀರಿಗೂ ಹಾಗೇ ಮಾಡಿದ್ದಳು. ತಿಳಿನೀರು ಕರಿಬೇವಿನ ಬುಡಕ್ಕೆ ಹೋಗಿತ್ತು. ಬಾನಿಯ ತಳದಲ್ಲಿ ಬೂದು ಬಣ್ಣದ ರಾಡಿ ಕೂತಿತ್ತು. ಅದನ್ನು ಚಮಚದಿಂದ ಕೆರೆದು ಒಣಗಿಸಿದರೆ ಚಹದ ಬಸಿಯೊಂದು ತುಂಬಿತು. ಹನ್ನೆರಡು ನಿಂಬೆಹಣ್ಣಿನಷ್ಟು ಪಾಚಿ ಹಿಡಿದದ್ದು ಅಷ್ಟು. ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಹೊಲದ ಮಣ್ಣಿನ ಕಣ ಸವೆದು ಗುಂಡಗಿರುತ್ತದೆ. ಇವು ಹಾಗಿರಲಿಲ್ಲ, ಒಡೆದ ಗಾಜಿನಂತೆ ಅಂಚು ಅಂಚು.

ಆದರೆ ಶಾಸ್ತ್ರದ ಪ್ರಕಾರ ಅದಕ್ಕೆ ಬೆಲೆಯಿಲ್ಲ. ಯಾವ ಕಂಬದ ಚೀಲದ್ದು ಎಷ್ಟು, ಗಿಡದ ಬುಡಕ್ಕೆ ಹೋದದ್ದೆಷ್ಟು, ಬಾನಿಯಲ್ಲಿ ಮೊದಲೇ ಇದ್ದದ್ದೆಷ್ಟು, ಯಾವುದಕ್ಕೂ ಉತ್ತರವಿಲ್ಲ. ಬಾವಿಯ ಹತ್ತಿರದ ನಾಲ್ಕು ಚೀಲ ಇದ್ದವು, ಹೋಲಿಸಲು ಜೋಡಿ ಇಲ್ಲ. ಚೀಲಗಳನ್ನು ಹಾಗೇ ಮೇಜಿನ ಮೇಲಿಟ್ಟು ತೊಳೆದದ್ದನ್ನು ಹೇಳದೆ ಬಿಟ್ಟರೆ ಹೇಗೆ ಎಂದು ಒಂದು ರಾತ್ರಿ ಯೋಚಿಸಿದ್ದೂ ನಿಜ. ಅವರು ಬೇವಿನ ನೆರಳಲ್ಲಿ ಯಂತ್ರ ಇಡಬಹುದಾದರೆ ನಾನು ಇಷ್ಟು ಮಾಡಬಾರದೇ? ಅಕ್ಕನಿಗೆ ಫೋನ್ ಮಾಡಿದೆ. ಇದ್ದದ್ದು ಇದ್ದಂಗ ಹೇಳು, ತೊಳದಾಕಿ ನಾನ, ನಾನೂ ಬರ್ತೀನಿ ಅಂದಳು.

ಸಭೆ ನಡೆದದ್ದು ಒಂದು ಸಮುದಾಯ ಭವನದಲ್ಲಿ. ಮುಂದೆ ಅದೇ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಮುಂದಿನ ಸಾಲಿನಲ್ಲಿ ಮಾಲೀಕ, ಅವನ ಕಡೆಯವರು. ನಾನು ಪಾಚಿಯ ಪದ್ಧತಿ ವಿವರಿಸಿದೆ, ತಪ್ಪಾದದ್ದನ್ನೂ ಹೇಳಿದೆ, ಬಸಿಯಲ್ಲಿದ್ದ ಪುಡಿಯನ್ನು ಮೇಜಿನ ಮೇಲಿಟ್ಟೆ. ಇನ್ನು ಮೂರು ತಿಂಗಳು ಸಮಯ ಕೊಡಿ, ಮತ್ತೆ ಚೀಲ ಕಟ್ಟುತ್ತೇನೆ, ಅಲ್ಲಿಯವರೆಗೆ ಎರಡನೆಯ ಮಷೀನಿಗೆ ಅನುಮತಿ ಬೇಡ ಎಂದು ಕೇಳಿಕೊಂಡೆ. ಅಧಿಕಾರಿ ತಾಳ್ಮೆಯಿಂದಲೇ ಕೇಳಿದರು. ಆ ತಾಳ್ಮೆಯೇ ನನ್ನನ್ನು ಹೆಚ್ಚು ಉರಿಸಿತು.

“ಅಂಟಾರ್ಕ್ಟಿಕಾದ ಪದ್ಧತಿ ಅಂಟಾರ್ಕ್ಟಿಕಾಕ್ಕೆ ಸರಿ, ಮೇಡಂ. ಅದು ಸೂಕ್ಷ್ಮ ಪ್ರದೇಶ,” ಎಂದರು.

ಸೂಕ್ಷ್ಮ ಪ್ರದೇಶ! ಆ ಒಂದು ಮಾತು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಕರಗಿಲ್ಲ. ಹಿಮದ ಮೇಲಿನ ಪಾಚಿ ಸೂಕ್ಷ್ಮ. ತಿಕೋಟಾ ದಾರಿಯ ಹೆಂಗಸಿನ ಎದೆ ಮಾತ್ರ ಕಲ್ಲು, ಅದರ ಮೇಲೆ ಏನು ಬೇಕಾದರೂ ಒಡೆಯಬಹುದು.

ಮಾಲೀಕನ ಮನುಷ್ಯ ಎದ್ದ. ಮಣೂಕದವರು ಹಣ್ಣಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ, ಕೆಮ್ಮು ಅದರಿಂದ ಬಂದದ್ದು, ನಮ್ಮ ಮೇಲೆ ಹೊರಿಸುತ್ತಿದ್ದಾರೆ ಎಂದ. ಅದು ಪೂರ್ತಿ ಸುಳ್ಳಲ್ಲ. ಹೊಗೆ ಹಾಕುವುದು ನಿಜ, ಅದು ಗಂಟಲಿಗೆ ಹಿಡಿಯುವುದೂ ನಿಜ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಗಸರ ಸಾಲಿನಿಂದ ಅಕ್ಕನೇ ಹೌದು ಎಂದಳು. ಹಂಗಾಮಿನಲ್ಲಿ ನಾಲ್ಕು ದಿನ ಹಾಕುತ್ತೇವೆ, ತಾಡಪಾಲು ಮುಚ್ಚಿ ಹಾಕುತ್ತೇವೆ, ನೀವೂ ಮಷೀನು ಮುಚ್ಚಿ ನಡೆಸಿರಿ ಎಂದಳು. ಹಿಂದಿನಿಂದ ಯಾರೋ ನಕ್ಕರು. ಮುಂದಿನ ಸಾಲಿನವರು ನಗಲಿಲ್ಲ.

ಅಧಿಕಾರಿ ಬಸಿಯನ್ನು ಬೆರಳಿನಿಂದ ಅತ್ತ ಸರಿಸಿದರು. “ನೀವೇ ಹೇಳುತ್ತೀರಿ, ತೊಳೆದ ಮೇಲೆ ಪಾಚಿ ಸ್ವಚ್ಛವಾಯಿತು ಎಂದು. ಅಂದರೆ ಇದು ಮೇಲೆ ಕೂರುವ ಧೂಳು. ತೊಳೆದರೆ ಹೋಗುವಂಥದ್ದು. ಇದಕ್ಕೆ ಇಷ್ಟು ಗಾಬರಿ ಯಾಕೆ?”

ಅಷ್ಟು ಓದಿದವಳು, ಅಷ್ಟು ದೂರ ಹೋಗಿ ಬಂದವಳು, ನಾನು ಉತ್ತರಕ್ಕಾಗಿ ಕಾಗದ ತಿರುವುತ್ತಿದ್ದೆ. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಎದುರಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ದನಿ ಏರಿಸಲಿಲ್ಲ.

“ಸಾಹೇಬ್ರ, ಹಾವಸಿ ತೊಳದೆ, ಸ್ವಚ್ಛ ಆತು. ಮಣೂಕ ದಿನಾ ತೊಳೀತೀನಿ, ಅವೂ ಸ್ವಚ್ಛ ಆಗ್ತಾವು. ಎದಿ ಹ್ಯಾಂಗ ತೊಳೀಲ್ರಿ? ಅದೊಂದು ಹೇಳ್ರಿ ನನಗ. ಆಮ್ಯಾಲ ಮಷೀನ ಎರಡ ಹಾಕ್ರಿ, ನಾಕ ಹಾಕ್ರಿ.”

ಗುಮಾಸ್ತ ಪೆನ್ನು ಎತ್ತಿ ಅಧಿಕಾರಿಯ ಮುಖ ನೋಡಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದರ ಮೇಲೂ ಧೂಳಿತ್ತೋ ಏನೋ. ಮುಂದಿನ ದಿನಾಂಕ ತಿಳಿಸುತ್ತೇವೆ, ಅಲ್ಲಿಯವರೆಗೆ ಅರ್ಜಿ ಇತ್ಯರ್ಥಕ್ಕೆ ಬಾಕಿ ಎಂದು ಬರೆಸಿದರು. ಅದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮೊದಲನೆಯ ಮಷೀನು ಅವತ್ತು ಮಧ್ಯಾಹ್ನವೂ ಓಡುತ್ತಿತ್ತು, ಇವತ್ತೂ ಓಡುತ್ತಿದೆ.

ಮತ್ತೆ ಹನ್ನೆರಡು ಚೀಲ ಕಟ್ಟಿದ್ದೇವೆ. ಈ ಸಲ ತೊಳೆದವಳು ಅಕ್ಕ, ಹೊಲಿದವಳು ನಾನು, ನನ್ನ ಹೊಲಿಗೆ ಅವಳಷ್ಟು ಚಂದ ಬಂದಿಲ್ಲ. ಹಿಮದ ಮೇಲಿನ ಆ ಕೆಂಪು ಬಾವುಟಗಳ ಕತೆ ಅವಳಿಗೆ ಬಹಳ ಹಿಡಿಸಿತು. ಹಳೆಯ ಕೆಂಪು ಕುಪ್ಪಸದ ಬಟ್ಟೆ ಹರಿದು ಪ್ರತಿ ಕಂಬಕ್ಕೂ ಒಂದೊಂದು ಚೂರು ಕಟ್ಟಿದ್ದಾಳೆ. ಮಣೂಕ ಆರಿಸುವವರಿಗೆ, ಮುಟ್ಟಬ್ಯಾಡ್ರಿ, ಹೊಲಸ ಆದ್ರ ಆಗ್ಲಿ, ಅದು ನಮ್ಮ ಹೊಲಸ ಅಲ್ಲ ಎಂದು ಹೇಳುತ್ತಾಳೆ. ಹೇಳುವಾಗ ನಡುವೆ ಒಮ್ಮೆ ಕೆಮ್ಮಲು ನಿಲ್ಲುತ್ತಾಳೆ.

ಮೊನ್ನೆ ಆ ಸಭೆಯ ನಡಾವಳಿಯ ನಕಲು ಕೈಗೆ ಬಂತು. ಮಾಲೀಕನ ಹೇಳಿಕೆ ಅರ್ಧ ಪುಟ ಇದೆ. ಯಂತ್ರದ ವರದಿ ಪೂರ್ತಿ ಇದೆ. ಕೊನೆಯಲ್ಲಿ ಒಂದು ಸಾಲು: ಗ್ರಾಮದ ಮಹಿಳೆಯೊಬ್ಬರು ಧೂಳಿನ ಕುರಿತು ಅಸಮಾಧಾನ ವ್ಯಕ್ತಪಡಿಸಿದರು. ಅಷ್ಟೆ. ಎರಡು ಸಲ ಓದಿದೆ, ಹಿಂದೆ ಮುಂದೆ ತಿರುವಿ ನೋಡಿದೆ. ಅಕ್ಕ ಕೇಳಿದ ಪ್ರಶ್ನೆ ಅದರಲ್ಲಿ ಎಲ್ಲೂ ಇಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.